ಕೆಂಪಿಯ ಮೀಯುವಿಕೆ
ನನ್ನತ್ತೆ ಮಾದೇವಮ್ಮನ ಬಾಯಲ್ಲಿರುವ ಸವಿಮಾತೆಲ್ಲ ಕೆಂಪಿ ಎಂಬ ಹೇಂಟೆಗೇ ಮೀಸಲು. ಬೆಳಕೆ ಊರಿನ ಈ ಮನೆಗೆ ಸೊಸೆಯಾಗಿ ಬಂದು ಆರು ವರ್ಷವಾಯಿತು. ನನಗೆ ಸಿಕ್ಕಿದ್ದು ‘ಆತು’ ಮತ್ತು ‘ಅಲ್ಲಿಡು’, ಎರಡೇ. ಕೆಂಪಿಯ ಬಾಲದಡಿಯ ಪುಕ್ಕಕ್ಕೆ ಹಿಕ್ಕೆ ಅಂಟಿ ಗಟ್ಟಿಯಾದರೆ ಸಾಕು, ಮನೆಯಲ್ಲಿ ಬಾಣಂತಿ ಇದ್ದಷ್ಟು ಗಡಿಬಿಡಿ. ಬೋಗುಣಿಯ ನೀರು ಹದವಾಗಿದೆಯೇ ಎಂದು ಮೊಣಕೈ ಅದ್ದಿ ನೋಡುತ್ತಾರೆ. ಕೋಳಿಯ ತಲೆ ಒದ್ದೆಯಾಗದಂತೆ ಕಂಕುಳಲ್ಲಿ ಅವುಚಿಕೊಂಡು, ಹಿಕ್ಕೆಯನ್ನು ಎಳೆದು ಕೀಳದೆ, ನೆನೆಸಿ ನೆನೆಸಿ ಬಿಡಿಸುತ್ತಾರೆ. “ಎಂತ ಮಗಾ, ಉರೀತದ್ಯಾ? ಆತು, ಆತು.” ಅದೇ ‘ಆತು’, ಕೋಳಿಗೆ ಹೇಳುವಾಗ ಬೆಲ್ಲ! ಆಮೇಲೆ ಒರೆಸಲು ನನ್ನ ಹೊಸ ಟವೆಲ್, ಹಚ್ಚಲು ಅರಿಸಿನ ಕಲಸಿದ ತೆಂಗಿನೆಣ್ಣೆ. ಆ ಕೈ ನನ್ನ ತಲೆಗೆ ಒಂದು ದಿನವೂ ಎಣ್ಣೆ ಹಚ್ಚಿದ್ದಿಲ್ಲ. ಕೋಳಿಯ ಮೇಲೂ ಹೊಟ್ಟೆಕಿಚ್ಚೇ ಎಂದು ಗಂಡ ನಗುತ್ತಾನೆ. ಹೌದು, ಕಿಚ್ಚೇ. ಮೊನ್ನೆ ಸಂಜೆ ಭಟ್ಕಳದ ಬಟ್ಟೆಯಂಗಡಿಯ ಕೆಲಸ ಮುಗಿಸಿ ಬಂದು ಮೆಟ್ಟಿಲ ಮೇಲೆ ಕುಸಿದು ಕೂತೆ. ಅತ್ತೆ ತಲೆ ಎತ್ತಲಿಲ್ಲ. ಮಡಿಲಲ್ಲಿದ್ದ ಕೆಂಪಿಯ ಪುಕ್ಕ ಒರೆಸುತ್ತ ಅದಕ್ಕೇ ಹೇಳಿದರು: “ಇಡೀ ದಿನ ನಿಂತು ನಿಂತು ಕಾಲು ಸೋತೋತಲ್ಲೇ ಮಗಾ? ಹಂಡೇಲಿ ಬಿಸಿನೀರದೆ, ಮಿಂದ್ಕಂಡು ಬಾ.” ಕೆಂಪಿ ಬೆಳಗಿನಿಂದ ಸಂಜೆಯ ಸ್ನಾನದವರೆಗೂ ಬುಟ್ಟಿಯಡಿ ಕೂತೇ ಇತ್ತು. ನಾನು ಎದ್ದು ಬಚ್ಚಲಿಗೆ ಹೋದೆ. ಆದರೆ ಆ ಮಾತನ್ನು ಅತ್ತೆಯ ಮಡಿಲಲ್ಲಿ ಕೂತು ಕೇಳಿದ್ದು ಕೆಂಪಿಯೇ.