ಮಂಕರಿ ಮುಚ್ಚಿದ ಹೆಜ್ಜೆಗಳು

ಮನುಷ್ಯ ಕಾಣೆಯಾದರೆ ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆಯೇ ದೂರು ಕೊಡಬೇಕೆಂಬ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಅದು ಟೀವಿ ಪೊಲೀಸರ ಕಾನೂನು.

ಕಳ್ಳಂಬೆಳ್ಳ ಹೋಬಳಿಯ ಒಂದು ಹಳ್ಳಿಯ ಸರಸಮ್ಮ ಅದನ್ನು ಪತ್ತೇದಾರಿ ಧಾರಾವಾಹಿಯಿಂದಲೇ ಕಲಿತಿದ್ದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹಗಲೆಲ್ಲ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸಿ, ಸಂಜೆ ಮುದ್ದೆ ತಿರುವಿಟ್ಟು, ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುತ್ತಿದ್ದಳು. ಗಂಡ ಕದಿರಯ್ಯ ನಲವತ್ತು ವರ್ಷ ಊರ ಕೆರೆಯ ನೀರಗಂಟಿ. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ಜಗಳ ಹತ್ತದಂತೆ ನಿಭಾಯಿಸಿದವನು. ಎರಡು ವರ್ಷದಿಂದ ಅವನಿಗೆ ನೆನಪು ಕೈಕೊಟ್ಟಿತ್ತು. ಹೆಂಡತಿಯನ್ನೇ “ನೀನು ಯಾರ ಪೈಕಿ?” ಎಂದು ಕೇಳುತ್ತಿದ್ದ. “ನಿನ್ ಪೈಕಿನೇ ಕಣಯ್ಯ, ಉಣ್ಣು” ಎಂದು ಅವಳು ತುತ್ತಿಡುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಅಂಗಳಕ್ಕೆ ನೀರು ಹಾಕಿ ಒಲೆಯ ಮುಂದೆ ಕೂತಿದ್ದಾಗ ಅವನು ಎದ್ದು ಹೋಗಿದ್ದ. ಒದ್ದೆ ಮಣ್ಣಿನಲ್ಲಿ ಬರಿಗಾಲಿನ ಗುರುತು ಮಾತ್ರ ಇತ್ತು. ಸೆರಗು ಸಿಕ್ಕಿಸಿಕೊಂಡು ಹೊರಟವಳಿಗೆ ಪಕ್ಕದ ಮನೆಯ ಜಯಕುಮಾರ್ ಅಡ್ಡ ಬಂದ. ಅವನೂ ಅದೇ ಧಾರಾವಾಹಿ ನೋಡುವವನು.

“ತುಳೀಬ್ಯಾಡ ದೊಡ್ಡಮ್ಮ! ಹೆಜ್ಜೆ ಕೆಡ್ಸಿದ್ರೆ ಪೊಲೀಸ್ ನಾಯಿಗೆ ವಾಸ್ನೆ ಹತ್ತಲ್ಲ.”

“ತೂಬಿನ ತಾವ್ಕೆ ಹೋಗವ್ರೆ ಕಣ್ಲಾ. ಒಂದ್ಕಿತ ನೋಡ್ಬುಟ್ಟು ಬತ್ತೀನಿ.”

“ಮನೆಯವ್ರೇ ಓಡಾಡಿ ಸಾಕ್ಷಿ ಕೆಡ್ಸಿ, ಇನ್ಸ್‌ಪೆಕ್ಟರ್ ಕೈಲಿ ಉಗಿಸ್ಕೊಂಡಿದ್ದು ನೀನೇ ನೋಡಿಲ್ವಾ?”

“ಅಂಗಾದ್ರೆ ಟೇಸನ್‌ಗಾದ್ರೂ ಹೋಗಾನ.”

“ನಾಳೆ ಈ ಹೊತ್ಗೆ. ಇಪ್ಪತ್ನಾಲ್ಕು ಗಂಟೆ ಆಗ್ಬೇಕು. ಈಗ್ಲೇ ಹೋದ್ರೆ ವಾಪಸ್ ಕಳುಸ್ತಾರೆ.”

ಎದುರುಮನೆಯ ಮುದುಕ ಬೋರಪ್ಪ ಜಗಲಿಯಿಂದಲೇ ಕೂಗಿದ: “ನಿನ್ ನಾಯಿ ಬರೋ ಹೊತ್ಗೆ ಕೋಳಿಗಳು ಅಂಗ್ಳಾನೆಲ್ಲ ಕೆದರಿರ್ತಾವೆ ಕಣ್ಲಾ ಡಿಟೆಕ್ಟಿವು!”

ಅದಕ್ಕೂ ಉಪಾಯ ಸಿಕ್ಕಿತು. ಆರು ಹೆಜ್ಜೆಗಳ ಮೇಲೆ ಆರು ಬಿದಿರ ಮಂಕರಿ ಬೋರಲು ಹಾಕಿದರು. ಕದಿರಯ್ಯ ಕಾಫಿ ಕುಡಿದ ಲೋಟವನ್ನು ಬೆರಳಚ್ಚಿಗೆಂದು ತೊಳೆಯದೆ ಎತ್ತಿಟ್ಟರು. ಬೇಲಿ ದಾಟದೆ ಕಾದರು. ನಗಬೇಡಿ. ತಮಗೆ ಕಲಿಸಿದ್ದನ್ನು ಅವರು ಅಚ್ಚುಕಟ್ಟಾಗಿಯೇ ಪಾಲಿಸಿದ್ದರು.

ಮಾರನೆಯ ದಿನ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಚಂದ್ರಶೇಖರಯ್ಯ ಬರೆದುಕೊಳ್ಳುತ್ತಿದ್ದವನು ಪೆನ್ನು ನಿಲ್ಲಿಸಿದ.

“ನಿನ್ನೆ ಹೋದವ್ರಾ? ಇವತ್ತು ಬಂದಿದೀರಾ?”

“ಟೈಮ್ ಆಗಿರ್ನಿಲ್ವಲ್ಲ ಸ್ವಾಮಿ.”

“ಯಾರಮ್ಮ ಅಂಗಂದೋರು?”

“ಇನ್ಸ್‌ಪೆಕ್ಟ್ರೇ ಅಂದ್ರು. ಟೀವೀಲಿ.”

ಅವನು ಬಯ್ಯಲಿಲ್ಲ. “ಮೊದ್ಲು ದಿನಾ ಎಲ್ಲಿಗೆ ಹೋಗೋರು?” ಎಂದಷ್ಟೇ ಕೇಳಿದ.

“ತೂಬಿನ ತಾವ್ಕೆ.”

ನಾಯಿ ಬರಲಿಲ್ಲ. ಬೆರಳಚ್ಚಿನವರೂ ಬರಲಿಲ್ಲ. ಒಂದು ಬೈಕು, ಊರಿನ ನಾಲ್ಕು ಜನ. ಮುಕ್ಕಾಲು ಗಂಟೆಯಲ್ಲಿ ಕದಿರಯ್ಯ ಸಿಕ್ಕ. ತೂಬಿನ ಕೆಳಗಿನ ಕಾಲುವೆಯಲ್ಲಿ, ಜಾಲಿ ಪೊದೆಯ ಹಿಂದೆ ಬಿದ್ದಿದ್ದ. ಸೊಂಟ ಮುರಿದಿತ್ತು, ನಾಲಿಗೆ ಒಣಗಿತ್ತು, ಉಸಿರಿತ್ತು.

“ಕೂಗ್ದೆ ಕಣಪ್ಪ,” ಎಂದ. “ಯಾರೂ ಬರ್ನಿಲ್ಲ.”

ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ತೀರಿಹೋದ. “ನಿನ್ನೆಯೇ ತಂದಿದ್ದರೆ” ಎಂದು ವೈದ್ಯ ಶುರುಮಾಡಿದ ಮಾತನ್ನು ಸರಸಮ್ಮನ ಮುಖ ನೋಡಿ ನುಂಗಿಕೊಂಡಿದ್ದ. ಅವಳಿಗೆ ತಿಳಿಯಲು ಅಷ್ಟೇ ಸಾಕಾಗಿತ್ತು. ಜಯಕುಮಾರ್ ಬಾಗಿಲಿಗೆ ಬಂದು ಅತ್ತಾಗ ಅವಳು ಶಾಪ ಹಾಕಲಿಲ್ಲ. “ನಾನೂ ನಂಬಿದ್ನಲ್ಲಪ್ಪ” ಎಂದಳು.

ಧಾರಾವಾಹಿ ಬರೆದವನಿಗೆ ಆ ಒಂದು ದಿನ ಕತೆ ಎಳೆಯುವ ಉಪಾಯ. ಒಬ್ಬ ಪೇದೆಯನ್ನು ಕೇಳಿದ್ದರೂ ಸುಳ್ಳೆಂದು ಗೊತ್ತಾಗುತ್ತಿತ್ತು, ಕೇಳಲಿಲ್ಲ. ಓದು ಬಲ್ಲ ನಾವು ಅದನ್ನು ನೋಡಿ, ಇದು ಬರೀ ನಾಟಕ ಎಂದುಕೊಂಡು ಸುಮ್ಮನೆ ಎದ್ದು ಹೋದೆವು. ನಮ್ಮ ಪಕ್ಕದಲ್ಲೇ ಕೂತು ನಿಜವೆಂದು ನಂಬಿದವರಿಗೆ ಒಂದು ಮಾತು ಹೇಳಲಿಲ್ಲ.

ಇವತ್ತೇ ಹೇಳಿ. ನಿಮ್ಮ ಬೀದಿಯಲ್ಲಿ ಟೀವಿ ಮುಂದೆ ಕೂತ ಪ್ರತಿಯೊಬ್ಬರಿಗೂ ಹೇಳಿ: ಮನೆಯವರು ಯಾರಾದರೂ ಕಾಣೆಯಾದ ಗಳಿಗೆಯಲ್ಲೇ ಒಬ್ಬರು ಠಾಣೆಗೆ ಹೋಗಿ, ದೂರು ಬರೆದುಕೊಳ್ಳುವವರೆಗೆ ಅಲ್ಲಿಂದ ಏಳಬೇಡಿ. ಉಳಿದವರು ಹುಡುಕಲು ಓಡಿ.