ಗುಂಡಿಯಕ್ಕನ ಬೋನಿಗೆ ಬಿದ್ದ ಬೆಕ್ಕು

ಗುಂಡಿಯಕ್ಕ ಬೆಕ್ಕು ಕದಿಯುತ್ತಾಳೆಂದು ನಾನು ಒಂದು ವರ್ಷ ನಂಬಿದ್ದೆ. ಮಂಗಳವಾರ ಬಂತೆಂದರೆ ಬಟ್ಟೆ ಹೊದಿಸಿದ ಬೋನೊಂದನ್ನು ಹೊತ್ತು ನಮ್ಮ ಬೀದಿಯಲ್ಲಿ ಸರಸರನೆ ಹೋಗುತ್ತಿದ್ದಳು. ಒಳಗಿನಿಂದ ಮಿಯಾಂವ್ ಕೇಳುತ್ತಿತ್ತು. ನಮ್ಮ ಬೆಕ್ಕು ಎರಡು ದಿನ ಕಾಣೆಯಾಗಿ ಎಡಗಿವಿಯ ತುದಿ ಕಳೆದುಕೊಂಡು ಬಂದಾಗ ಪೊಲೀಸರಿಗೆ ಮೂರು ಪುಟದ ದೂರು ಬರೆದೆ. ಹೆಂಡತಿ ಅದನ್ನು ಓದಿ, ಬೆಕ್ಕನ್ನು ಮರಿಯಾಗದಂತೆ ಮಾಡುವ ಆಪರೇಷನ್ನಿಗೆಂದು ಗುಂಡಿಯಕ್ಕನಿಗೆ ಒಪ್ಪಿಸಿದವಳು ತಾನೇ, ಕಿವಿ ಕತ್ತರಿಸುವುದು ಆಪರೇಷನ್ ಆದದ್ದಕ್ಕೆ ಗುರುತು ಎಂದಳು. ಮನೆಯ ಸುದ್ದಿ ನನಗೆ ತಲುಪುವುದೇ ಹೀಗೆ, ಅರ್ಜಿ ಬರೆದು ಮುಗಿಸಿದ ಮೇಲೆ.

ಊರಾಚೆಯ ಗುಡ್ಡದಲ್ಲಿ ಕಾಡುಬೆಕ್ಕುಗಳು ಬೆರಳೆಣಿಕೆಯಷ್ಟು ಉಳಿದಿವೆ. ಅವಕ್ಕೆ ಮುಳುವಾಗಿರುವುದು ನಮ್ಮ ಮುದ್ದಿನ ಬೆಕ್ಕುಗಳು. ಇವು ಗುಡ್ಡ ಹತ್ತಿ ಅವುಗಳೊಡನೆ ಸಂಸಾರ ಹೂಡುತ್ತವೆ, ಜೊತೆಗೆ ರೋಗವನ್ನೂ ಕೊಟ್ಟು ಬರುತ್ತವೆ. ಹುಟ್ಟುವ ಮರಿ ಅತ್ತ ಕಾಡಿನದೂ ಅಲ್ಲ, ಇತ್ತ ಊರಿನದೂ ಅಲ್ಲ. ಬೆಕ್ಕಿಗೆ ಆಪರೇಷನ್ ಮಾಡಿಸಿ, ಚುಚ್ಚುಮದ್ದು ಹಾಕಿಸಿ, ಸಂಜೆಯಾದರೆ ಒಳಗಿಡಿ. ನಮ್ಮಂಥವರು ಮಾಡಬೇಕಾದದ್ದು ಇಷ್ಟೇ. ಇದನ್ನು ಹೇಳಲು ಒಂದು ಸಮಿತಿ ಇತ್ತು, ಅದಕ್ಕೆ ನಿವೃತ್ತ ಹೆಡ್‌ಮಾಸ್ತರರು ಅಧ್ಯಕ್ಷರು. ದೂರಿನ ಪ್ರಾಯಶ್ಚಿತ್ತಕ್ಕೆಂದು ನಾನೂ ಸದಸ್ಯನಾದೆ. ಮಾಡಲು ಮಾತ್ರ ಗುಂಡಿಯಕ್ಕ ಒಬ್ಬಳೇ.

ಅವಳ ಅಂಗಡಿ ಇರುವುದು ಮೆಟ್ಟಿಲ ಕೆಳಗಿನ ಸಂದಿಯಲ್ಲಿ. ಗುಂಡಿ ಹಾಕುವುದು, ಜಿಪ್ ಬದಲಿಸುವುದು, ಅಂಚು ಮಡಿಸುವುದು ಕೆಲಸ. ಮರೆತು ನೆಟ್ಟಗೆ ನಿಂತರೆ ತಲೆ ಮೆಟ್ಟಿಲಿಗೆ ಬಡಿಯುತ್ತದೆ. ಮೇಲಿನ ಕೋಣೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಅವರ ಮಣಿಕಟ್ಟಿಗೆ ಕಟ್ಟಿದ ದಾರ ಕಿಟಕಿಯಿಂದಿಳಿದು ಹೊಲಿಗೆ ಮಷೀನಿನ ಪಕ್ಕದ ಗಂಟೆಗೆ ಸೇರುತ್ತದೆ. ನೀರಿಗೆ ಒಂದು ಎಳೆತ, ಮಗ್ಗುಲು ಬದಲಿಸಲು ಎರಡು, ಬೇಜಾರಿಗೆ ಮೂರು. ಮೂರೇ ಹೆಚ್ಚು. ಗಂಡ ತೀರಿಕೊಂಡ ಒಂಬತ್ತು ವರ್ಷದಿಂದ ಗುಂಡಿಯಕ್ಕನ ಪ್ರಪಂಚ ಆ ದಾರದಷ್ಟೇ ಉದ್ದ. ನಾದಿನಿ ಬಂದು ಕೂರುವ ಮಂಗಳವಾರದ ಎರಡು ಗಂಟೆ ಮಾತ್ರ ಬಿಡುವು, ಅದು ಬೀದಿಬೆಕ್ಕುಗಳಿಗೆ.

ಒಂದು ಮಂಗಳವಾರ ಗುಡ್ಡದ ಬುಡದಲ್ಲಿ ಇಟ್ಟಿದ್ದ ಬೋನಿಗೆ ಒಂದು ಬೆಕ್ಕು ಬಿದ್ದಿತ್ತು. ಹೊತ್ತಾಗಿತ್ತು. ಅಭ್ಯಾಸದಂತೆ ಕಿವಿ ಮಾತ್ರ ನೋಡಿದಳು. ಕಿವಿಯ ತುದಿ ಇದೆ, ಅಂದರೆ ಆಪರೇಷನ್ ಆಗಿಲ್ಲ. ಬೋನಿಗೆ ಹೊದಿಕೆ ಹಾಕಿ, ಗುಂಡಿ ಹಾಕಿ, ಹೊತ್ತು ತಂದಳು. ಬೆಳಿಗ್ಗೆ ನೀರಿಡಲು ಹೊದಿಕೆ ತೆಗೆದಾಗ ಬಾಲ ಕಂಡಿತು. ದಪ್ಪ, ಮೊಂಡು ತುದಿ, ಕಪ್ಪು ಬಳೆಗಳು. ಕಾಡುಬೆಕ್ಕಿನ ಬಾಲ. ಊರನ್ನೆಲ್ಲ ಕಾಡಿಬೇಡಿ ಯಾವುದನ್ನು ಉಳಿಸಲು ಹೊರಟಿದ್ದಳೋ ಅದನ್ನೇ ತಂದು ಮೆಟ್ಟಿಲ ಕೆಳಗೆ ಕೂಡಿಹಾಕಿದ್ದಳು.

ಹೇಳಿಕಳಿಸಿದ ಕೂಡಲೇ ಅಧ್ಯಕ್ಷರು ಬಂದರು. ಅವರ ಹಿಂದೆ ನಾನು.

“ಮೇಷ್ಟ್ರೇ, ಹಿಡಿದ ಜಾಗಕ್ಕೇ ಬಿಟ್ಟು ಬರಬೇಕು. ನಿಮ್ಮ ಕಾರಲ್ಲಿ ಹತ್ತು ನಿಮಿಷ.”

“ಬಿಡೋಣಮ್ಮ, ಯಾರು ಬೇಡ ಅಂದ್ರು? ಶನಿವಾರ ಅರಣ್ಯಾಧಿಕಾರಿಗಳನ್ನ ಕರೆಸ್ತೀನಿ. ಅವರ ಅಮೃತಹಸ್ತದಿಂದಲೇ ಬಿಡಿಸೋಣ. ನಾಲ್ಕು ಜನ ನೋಡ್ಲಿ.”

“ಅಷ್ಟರಲ್ಲಿ ಸತ್ತು ಹೋದ್ರೆ?”

ಅಧ್ಯಕ್ಷರು ಅಪಶಕುನದ ಮಾತಿಗೆ ಉತ್ತರ ಕೊಡುವವರಲ್ಲ. ಬೋನಿನ ಬಾಗಿಲಿಗೆ ಬೀಗ ಜಡಿದು, ಬೀಗದಕೈ ಜೇಬಿಗಿಳಿಸಿ, ಬ್ಯಾನರ್ ಬರೆಸಲು ಹೋದರು. ನಾನು ಶನಿವಾರದ ಫೋಟೋಗೆ ನೀಲಿ ಅಂಗಿ ಒಳ್ಳೆಯದೋ ಬಿಳಿಯದೋ ಎಂಬ ಯೋಚನೆಯಲ್ಲಿದ್ದೆ.

ಬೆಕ್ಕು ನೀರು ಮುಟ್ಟಲಿಲ್ಲ. ಕಂಬಿ ಕಚ್ಚಿ ಕಚ್ಚಿ ಗುರುವಾರದ ಹೊತ್ತಿಗೆ ಬಾಯೆಲ್ಲ ರಕ್ತ, ಒಂದು ಕೋರೆಹಲ್ಲು ಮುರಿದಿತ್ತು. ಮಧ್ಯಾಹ್ನ ಅದು ಕಚ್ಚುವುದನ್ನೂ ನಿಲ್ಲಿಸಿ ಮೂಲೆಗೆ ಮುಖ ಮಾಡಿ ಮಲಗಿದಾಗ ಗುಂಡಿಯಕ್ಕ ಮೇಲೆ ಹೋಗಿ ಅತ್ತೆಗೆ ವಿಷಯ ಹೇಳಿದಳು. ಹೋಗಿ ಬರಲು ಎರಡು ಗಂಟೆ ಬೇಕು, ನಾದಿನಿ ಬರುವುದು ಇನ್ನೂ ಐದು ದಿನಕ್ಕೆ. ಅತ್ತೆ ದಾರ ಕಟ್ಟಿದ ಕೈಯಿಂದಲೇ ಹೊರಡು ಎಂದು ಸನ್ನೆ ಮಾಡಿದರು.

“ಅದು ಕಂಬಿ ಕಡಿಯೋದು ನನಗೂ ಕೇಳಿಸ್ತಾ ಇತ್ತು ಕಣೇ. ನೀರಿನ ಲೋಟ ಕೈಗೆ ಸಿಗೋ ಹಾಗಿಟ್ಟು ಹೋಗು. ನಾನೇನು ಎದ್ದು ಓಡಿಹೋಗ್ತೀನಾ?”

ಬಸ್ಸಿನಲ್ಲಿ ಕಂಡಕ್ಟರ್ ಏನದು ಎಂದದ್ದಕ್ಕೆ ಹೊಲಿಗೆ ಮಷೀನಿನ ಮೋಟಾರು ಎಂದಳಂತೆ. ಮೋಟಾರು ಗುರ್ರೆಂದಿತು. ಅವನು ಮತ್ತೆ ಕೇಳಲಿಲ್ಲ. ಬಾಗಿಲಿಗೆ ಬೀಗವಿದ್ದರೇನು, ಬೋನಿನ ತಳವನ್ನು ತಂತಿ ಸುತ್ತಿ ರಿಪೇರಿ ಮಾಡಿದ್ದವಳು ಅವಳೇ. ಗುಡ್ಡದ ಬುಡದಲ್ಲಿ ಬೋನನ್ನು ಮಗ್ಗುಲಾಗಿಸಿ, ತಳವನ್ನು ಪೊದೆಯ ಕಡೆಗೆ ತಿರುಗಿಸಿ, ಹಿಂದಿನಿಂದ ಕೈಚಾಚಿ ಇಕ್ಕಳದಲ್ಲಿ ಒಂದೊಂದೇ ಸುತ್ತು ಬಿಚ್ಚಿದಳು. ಕೊನೆಯ ತಂತಿ ಬಿಚ್ಚಿದರೂ ಬೆಕ್ಕು ಅಲ್ಲಾಡಲಿಲ್ಲ. ಸತ್ತೇಹೋಯಿತು ಎಂದುಕೊಂಡು ಬಿಚ್ಚಿದ ತಂತಿಯ ಚೂರುಗಳನ್ನು ಆಯತೊಡಗಿದಳು. ಆಮೇಲೆ ಪೊದೆ ಅಲುಗಿತು. ನೋಡಿದರೆ ಬೋನು ಖಾಲಿ.

ಮರಳಿ ಬಂದಾಗ ಅತ್ತೆಯ ಹಾಸಿಗೆ ಒದ್ದೆಯಾಗಿತ್ತು. ಅತ್ತೆ ಆ ಬಗ್ಗೆ ಒಂದು ಮಾತೂ ಆಡಲಿಲ್ಲವಂತೆ. ಅಧ್ಯಕ್ಷರು ಮಾತ್ರ ಬಹಳ ಆಡಿದರು. ತುರ್ತುಸಭೆ ಕರೆದು ಅವಳನ್ನು ಸಮಿತಿಯಿಂದ ತೆಗೆದರು, ಸಮಿತಿಯದೆಂದು ಬೋನನ್ನೂ ಹಿಂದಕ್ಕೆ ಪಡೆದರು. ಕೈ ಎತ್ತಿದವರಲ್ಲಿ ನಾನೂ ಒಬ್ಬ. ಗುಂಡಿಯಕ್ಕನ ಮಂಗಳವಾರ ಈಗ ಖಾಲಿ. ಆ ಎರಡು ಗಂಟೆಯೂ ಮೆಟ್ಟಿಲ ಕೆಳಗೇ.

ಮೊನ್ನೆ ಅಂಗಿಗೆ ಗುಂಡಿ ಹಾಕಿಸಲು ಹೋದವನು, ಹೇಗೂ ಬಂದಿದ್ದೇನಲ್ಲ ಎಂದು ಕೇಳಿಯೇಬಿಟ್ಟೆ: ಅಷ್ಟು ಕಷ್ಟಪಟ್ಟು ಬಿಟ್ಟು ಬಂದಳಲ್ಲ, ಹೋಗುವಾಗ ಆ ಬೆಕ್ಕು ಒಮ್ಮೆಯಾದರೂ ಕೃತಜ್ಞತೆಯಿಂದ ತಿರುಗಿ ನೋಡಿತೇ?

ಗುಂಡಿಯಕ್ಕ ಹಲ್ಲಿನಲ್ಲಿ ದಾರ ಕಡಿದಳು.

“ಯಾಕೆ ನೋಡ್ಬೇಕು? ಹಿಡಿದು ಹಾಕಿದ್ದೂ ನಾನೇ ಅಲ್ವಾ.”