ಬೀಟೆ ಮೇಜಿನ ಚಿತ್ರ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಒಂದು ದಿನ ಎಣ್ಣೆ ಮಿಲ್ಲಿನ ಸಾಹುಕಾರರು ಹೇಳಿಕಳಿಸಿದರು. ತಂದೆಯ ಕಾಲದ ಬೀಟೆ ಮೇಜನ್ನು ಅವರು ಬೆಂಗಳೂರಿನ ಹಳೇ ಸಾಮಾನಿನ ವ್ಯಾಪಾರಿಗೆ ಮಾರಿಯಾಗಿತ್ತು. ಲಾರಿ ಬರುವುದರೊಳಗೆ ಅದರದೊಂದು ಪೆನ್ಸಿಲ್ ಚಿತ್ರ ಬೇಕಂತೆ. ಮೇಜು ಜಾಗ ತಿನ್ನುತ್ತದೆ, ಚಿತ್ರವಾದರೆ ಗೋಡೆ ಮೇಲಿರುತ್ತದೆ ಎಂಬುದು ಅವರ ವಾದ. ಇಂಥ ಪಿತೃಭಕ್ತಿಗೆ ಏನನ್ನಬೇಕೋ ತಿಳಿಯದೆ ಒಪ್ಪಿಕೊಂಡೆ.

ಮೂರು ಭಾನುವಾರ ಕೂತು ಬರೆದೆ. ಮೇಜು ನಿಜಕ್ಕೂ ಚೆಲುವಾಗಿತ್ತು. ಕೆಳಗಿಳಿದಂತೆ ಸಣ್ಣಗಾಗುವ ಕಾಲುಗಳು, ಎಡಕ್ಕೊಂದು ಬಲಕ್ಕೊಂದು ಎಳೆದು ತೆಗೆಯುವ ಖಾನೆ, ಅಂಚಿನುದ್ದಕ್ಕೂ ಬಳ್ಳಿಯ ಕೆತ್ತನೆ.

ಮೇಜು ಲಾರಿ ಹತ್ತಿತು. ಚಿತ್ರಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ ದಿನ ಸಾಹುಕಾರರು ಗೆಳೆಯರನ್ನು ಚಹಾಕ್ಕೆ ಕರೆದರು. ವಕೀಲರೊಬ್ಬರು ಕನ್ನಡಕ ಏರಿಸಿ, ಥೇಟ್ ಫೋಟೋ ಎಂದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಹತ್ತಿರ ಇರಲಿಲ್ಲ. ಕಾಲೇಜಿನ ಉಪನ್ಯಾಸಕರಿಗೆ ಕಾಲಿನ ನೆರಳಿನಲ್ಲಿ ಒಂದು ಯುಗದ ಅವಸಾನ ಕಂಡಿತು. ಪೆನ್ಸಿಲ್ ಮೊಂಡಾಗಿದ್ದರಿಂದ ನಾನು ಅಲ್ಲಿ ದಪ್ಪಗೆ ಗೀಚಿದ್ದೆ, ಅಷ್ಟೆ. ವರ್ಷಗಟ್ಟಲೆ ಆ ಮೇಜಿನ ಮೇಲೆ ಚಹಾದ ಕಪ್ಪು ಕುಕ್ಕಿ ಹರಟಿದ ಮಹನೀಯರು ಇವರು. ಒಬ್ಬರೂ ಅದರತ್ತ ಕಣ್ಣೆತ್ತಿ ನೋಡಿದವರಲ್ಲ.

ಎಲ್ಲರೂ ಎದ್ದು ಹೋದ ಮೇಲೆ, ಹಡಗಲಿಯಿಂದ ಬಂದಿದ್ದ ಸಾಹುಕಾರರ ಅಕ್ಕ ಚಿತ್ರದೆದುರು ನಿಂತರು. ಇವರೂ ಫೋಟೋ ಅನ್ನುತ್ತಾರೆಂದು ನಾನು ಚಪ್ಪಲಿ ಮೆಟ್ಟುತ್ತಿದ್ದೆ.

“ಮಾಸ್ತರ, ಎಡಗಡಿ ಖಾನಿ ಯಾಕ ಮುಚ್ಚೀರಿ? ಅದು ಪೂರಾ ಮುಚ್ಚೂದಿಲ್ಲಲ್ಲ,” ಎಂದರು. “ನಾನು ಸಣ್ಣಾಕಿ ಇದ್ದಾಗ ಅದರಾಗ ಸಿಕ್ಕು ಈ ಬೆರಳು ಜಜ್ಜಿತ್ತು. ಮರುದಿನಾನ ನಮ್ಮಪ್ಪ ಒಳಗ ಒಂದು ಕಟ್ಟಿಗಿ ತುಂಡು ಬಡಿಸಿದ್ರು.”

ಬೆರಳು ಮುಂದೆ ಮಾಡಿದರು. ಉಗುರು ಇನ್ನೂ ಸೊಟ್ಟಗಿತ್ತು.

ಆ ಖಾನೆ ಬೆರಳಗಲ ತೆರೆದದ್ದನ್ನು ನಾನು ಕಂಡಿದ್ದೆ. ಚೆಂದ ಕೆಡುತ್ತದೆಂದು ಕಾಗದದ ಮೇಲೆ ಮುಚ್ಚಿಬಿಟ್ಟಿದ್ದೆ. ಆಗಷ್ಟೇ ಮನಸ್ಸಿನಲ್ಲೇ ನಾನು ಹಂಗಿಸಿದ್ದ ವಕೀಲರಿಗಿಂತ ನಾನೇನೂ ಮೇಲಲ್ಲ ಅನಿಸಿತು.

ಕೂಡಲೇ ಕಟ್ಟು ಬಿಚ್ಚಿ, ಅಳಿಸಿ, ಖಾನೆಯನ್ನು ಇದ್ದಂತೆ ಬರೆದೆ. ಸಾಹುಕಾರರಿಗೆ ಅದು ಸೇರಲಿಲ್ಲ. ಮುರುಕು ಮೇಜಿನಂತೆ ಕಾಣುತ್ತದೆ, ಬಂದವರು ಏನಂದಾರು ಎಂದು ಗೊಣಗಿದರು. ಅಕ್ಕ ವಾದಕ್ಕಿಳಿಯಲಿಲ್ಲ. ಹಂಗಾದರ ನಾನು ಒಯ್ಯತೀನಿ ಎಂದು ಚಿತ್ರವನ್ನು ಹಳೇ ಸೀರೆಯಲ್ಲಿ ಸುತ್ತಿದರು.

ಮರುದಿನ ನಾನೇ ಅವರನ್ನು ಹಡಗಲಿ ಬಸ್ಸು ಹತ್ತಿಸಿದೆ. ಪಕ್ಕದಲ್ಲಿ ಬಂದು ಕೂತವರಿಗೆ ಸರಿದು ಜಾಗ ಕೊಟ್ಟರು. ಚಿತ್ರದ ಗಂಟನ್ನು ಮೇಲಿಡಲೇ ಎಂದು ಕೇಳಿದ ಕಂಡಕ್ಟರ್‌ಗೆ ಮಾತ್ರ ಕೊಡಲಿಲ್ಲ.